ಕಾಕುಗೆ ಕೊಡದ ಎರಡನೆಯ ಸವಾರಿ

ನಿನ್ನೆ ಹಸಿ ಕಡಲೆ ಗಿಡದಿಂದ ಕಾಯಿ ಬಿಡಿಸುತ್ತ ಕೂತಿದ್ದೆ. ಬೆರಳಿಗೆಲ್ಲ ಗಿಡದ ಹುಳಿ ಅಂಟಿತು. ಆ ವಾಸನೆಗೆ, ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಎದುರುಮನೆಯ ಕಾಕು ನೆನಪಾದರು. ಹಿಂದೆಯೇ ಸಿಟ್ಟೂ ಬಂತು. ಸತ್ತವರ ಮೇಲೆ ಸಿಟ್ಟಾಗಬಾರದು ಅನ್ನುತ್ತಾರೆ. ನನಗೆ ಆಗುತ್ತದೆ, ಏನು ಮಾಡಲಿ...

ಮದುವೆಯಾಗಿ ಬೆಟಗೇರಿಗೆ ಬಂದ ಹೊಸದರಲ್ಲಿ ದೇವರು ನನಗೆ ಕೊಟ್ಟ ದೊಡ್ಡ ಸುಖವೆಂದರೆ ಯಜಮಾನರ ಮೋಟರ್ ಸೈಕಲ್. ಭಾನುವಾರ ಪೂಜೆ ಮುಗಿಸಿ ಇಬ್ಬರೂ ಹೊರಡುತ್ತಿದ್ದೆವು. ಮಳೆಗಾಲದಲ್ಲಿ ನಾಗಾವಿಯ ಕಡೆ ಹೋದರೆ ಗುಡ್ಡವೆಲ್ಲ ಹಸಿರು. ಚಳಿಗಾಲದಲ್ಲಿ ಜೋಳದ ಹೊಲಗಳ ನಡುವೆ ಮೂಗು ಕೆಂಪಾಗುವಂಥ ಗಾಳಿ. ಬೇಸಿಗೆ ಬಂತೆಂದರೆ ಮುಂಡರಗಿ ರಸ್ತೆಯ ಬೇವಿನ ಹೂವು ಸೆರಗಿನ ತುಂಬ ಉದುರುತ್ತಿತ್ತು.

ಒಂದು ದಿನ ಕಾಕು ನಮ್ಮ ಅತ್ತೆಯ ಹತ್ತಿರ ಕೂತು, ಒಳಗಿದ್ದ ನನಗೆ ಕೇಳಲೆಂದೇ ಜೋರಾಗಿ ಅಂದರು.

"ನಿನ್ನ ಸೊಸಿ ಗಂಡಸೂರ ಗತೆ ಎರಡೂ ಕಡೆ ಕಾಲ ಹಾಕಿ ಕುಂಡ್ರತಾಳಲ್ಲವಾ! ಓಣ್ಯಾಗಿನ ಮಂದಿಗೆ ಕಣ್ಣಿಲ್ಲೇನು?"

ಅತ್ತೆ ಬೇಡವೆಂದರು, ಅಂದಿನಿಂದ ನನ್ನ ಸವಾರಿ ನಿಂತಿತು. ಒಂದು ಯುಗಾದಿಯಿಂದ ಮುಂದಿನ ಯುಗಾದಿಯವರೆಗೆ ಮೂರೂ ಕಾಲ ಬಸ್ಸಿನ ಕಿಟಕಿಯಲ್ಲೇ ಕಳೆದವು. ಕೊನೆಗೆ ಬೇವು-ಬೆಲ್ಲ ಕೊಡುತ್ತ ಅತ್ತೆಯೇ "ಹೋಗಿ ಬರ್ರಿ" ಅಂದರು. ಅದು ನನ್ನ ಪುಣ್ಯ. ಆದರೆ ಕಾಕುವನ್ನು ನಾನು ಬಿಡಲಿಲ್ಲ. ಯಜಮಾನರಿಂದ ಗಾಡಿ ಕಲಿತು, ಕಾಕು ಕಟ್ಟೆಯ ಮೇಲೆ ಕೂತ ಹೊತ್ತು ನೋಡಿಯೇ ಅವರ ಮುಂದೆ ಹಾಯುತ್ತಿದ್ದೆ.

ವರ್ಷಗಳು ಹೋದವು. ಕಾಕುವಿನ ಮೊಣಕಾಲು ಹಿಡಿದು ಬಸ್ಸು ಹತ್ತಲಾಗದಂತಾಯಿತು. ಶ್ರಾವಣದಲ್ಲಿ ಬಾಳೆಹೊಸೂರಿನ ಮಠಕ್ಕೆ ತಪ್ಪದೆ ಹೋಗುತ್ತಿದ್ದವರು. ಕರೆದುಕೊಂಡು ಹೋಗೆಂದು ನನ್ನನ್ನೇ ಕೇಳಿದರು.

"ಹತ್ರಿ ಕಾಕು. ಆದ್ರ ಒಂದ ಕಡೆ ಕುಂತ್ರ ಜಾರಿ ಬೀಳ್ತೀರಿ. ಗಂಡಸೂರ ಗತೆ ಕುಂಡ್ರಬೇಕ ನೋಡ್ರಿ."

ಸೀರೆ ಎತ್ತಿ ಸಿಕ್ಕಿಸಿಕೊಂಡು, ಕಟ್ಟೆಯ ಆಸರೆಯಲ್ಲಿ ಹತ್ತಿ ಕೂತರು. ನಾನು ಓಣಿಯಲ್ಲಿ ಬೇಕೆಂದೇ ಎರಡು ಸುತ್ತು ಹಾಕಿದೆ, ನಡೆಯುವವರಿಗಿಂತ ನಿಧಾನ. ನೀರು ತುಂಬುತ್ತಿದ್ದವಳೊಬ್ಬಳು ಕೂಗಿದಳು: "ಕಾಕು, ಕನ್ಯಾ ನೋಡಾಕ ಹೊಂಟ್ರೇನ್ರೀ?" ಎಲ್ಲರೂ ನಕ್ಕರು. ಕಾಕು ಸೆರಗು ಮುಖಕ್ಕೆ ಎಳೆದುಕೊಂಡರು. ನನ್ನ ಹೊಟ್ಟೆ ತಣ್ಣಗಾಯಿತು.

ಶಿರಹಟ್ಟಿ ದಾಟಿದ ಮೇಲೆ ಜಿನುಗು ಮಳೆ. ರಸ್ತೆಯ ಎರಡೂ ಕಡೆ ಹೆಸರುಕಾಳಿನ ಹೊಲ. ನನ್ನ ಹೆಗಲು ಬಿಗಿಹಿಡಿದಿದ್ದ ಕೈ ಸಡಿಲಾಯಿತು. ಹಿಂದಿನಿಂದ ಮಾತು ಬಂತು: "ಇಷ್ಟ ಚಲೋ ಇರತೈತಿ ಅಂತ ನನಗೇನ ಗೊತ್ತಿತ್ತವಾ..."

ಅದನ್ನು ಕೇಳಿ ಕರಗಬೇಕಿತ್ತು. ಸಿಟ್ಟು ಹೆಚ್ಚಾಯಿತು. ಆ ಸುಖ ಏನೆಂದು ತಿಳಿಯದೆಯೇ ನನ್ನ ಒಂದು ವರ್ಷ ಕಸಿದುಕೊಂಡಿದ್ದರು.

ಚಳಿಗಾಲ ಬಂತು. ಕಾಕು ಕೋಲೂರಿಕೊಂಡು ನಮ್ಮ ಬಾಗಿಲಿಗೆ ಬಂದರು. "ಹರ್ತಿ ಕಡೆ ಹಸಿ ಕಡ್ಲಿ ಬಂದಾವಂತ. ಒಂದ ಸುತ್ತ ಹೋಗಿ ಬರೂಣೇನವಾ?"

"ಯುಗಾದಿ ಆಗ್ಲಿ ಕಾಕು. ನಾನೂ ಯುಗಾದಿ ತನಕ ಕಾದಾಕಿನ."

ಅವರಿಗೆ ತಿಳಿಯಿತು. "ಆತು, ಕಾಯ್ತೀನಿ ಬಿಡು," ಅಂದು ಹೋದರು. ಗಾಡಿ ಅಂಗಳದಲ್ಲೇ ನಿಂತಿತ್ತು, ನನಗೆ ಕೆಲಸವೂ ಇರಲಿಲ್ಲ...

ಯುಗಾದಿಗೆ ಇನ್ನೂ ಹತ್ತು ದಿನವಿತ್ತು. ಕಾಕು ಬೆಳಿಗ್ಗೆ ಏಳಲಿಲ್ಲ.

ಈಗಲೂ ಭಾನುವಾರ ಹೋಗುತ್ತೇನೆ. ಎದುರುಮನೆಗೆ ಬೇರೆಯವರು ಬಂದಿದ್ದಾರೆ, ನಾನು ಹೊರಟರೆ ತಲೆ ಎತ್ತಿಯೂ ನೋಡುವುದಿಲ್ಲ. ಮಳೆ, ಚಳಿ, ಬೇಸಿಗೆ ಎಲ್ಲ ನನ್ನದೇ. ಆದರೂ ರಸ್ತೆ ಮೊದಲಿನಷ್ಟು ರುಚಿಸುವುದಿಲ್ಲ. ದಿನವೂ ದೀಪ ಹಚ್ಚಿ, ನನ್ನ ತಪ್ಪು ಹೊಟ್ಟೆಗೆ ಹಾಕಿಕೋ ಎಂದು ದೇವರನ್ನು ಬೇಡುತ್ತೇನೆ. ಕಾಕುವಿನ ತಪ್ಪು ಮರೆಯುವ ಮನಸ್ಸು ಕೊಡು ಎಂದು ಬೇಡಲು ಮಾತ್ರ ಇನ್ನೂ ಬಾಯಿ ಬರುತ್ತಿಲ್ಲ.