ಎಕ್ಸ್‌ರೇ ಇಲ್ಲದೆ ಎದೆಯೊಳಗೆ

ಮೊದಲ ಸಲ ಎದೆಬಡಿತ ಓಡತೊಡಗಿದಾಗ ನಾನು ದೊಡವಾಡದ ಶಾಲೆಯಲ್ಲಿ ಬೋರ್ಡಿನ ಮೇಲೆ ಮಗ್ಗಿ ಬರೆಯುತ್ತಿದ್ದೆ. ಆಗ ನಾನು ಐದು ತಿಂಗಳ ಬಸುರಿ. ಗಂಟಲಿನ ಬುಡದಲ್ಲಿ ಏನೋ ಪಟಪಟ ಬಡಿಯಿತು. ಕಣ್ಣು ಕತ್ತಲಿಟ್ಟಿತು. ಹಾಗೇ ನೆಲದ ಮೇಲೆ ಕುಳಿತೆ.

"ಬಸಿರಾಗ ಇದೆಲ್ಲ ಇರೂದ ಯವ್ವಾ, ಅಂಜಬ್ಯಾಡ," ಎಂದರು ಅತ್ತೆ. ಗಂಡ ಸೈನ್ಯದಲ್ಲಿದ್ದಾನೆ; ಗಡಿಯ ಆ ಠಾಣೆಗೆ ಫೋನು ಹತ್ತುವುದೇ ಅಪರೂಪ. ಯಾರಿಗೂ ಕಾಣದ, ಯಾರಿಗೂ ಕೇಳಿಸದ ಆ ಓಟ ನಿಲ್ಲುವವರೆಗೆ ಗೋಡೆ ಹಿಡಿದು ಕಾಯುವುದು ನನ್ನೊಬ್ಬಳ ಪಾಲಿಗೆ ಬಂತು.

ಒಂದು ಮಧ್ಯಾಹ್ನ ಬಚ್ಚಲಲ್ಲಿ ಎಚ್ಚರ ತಪ್ಪಿ ಬಿದ್ದೆ.

ಬೈಲಹೊಂಗಲದ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟಾಗ ಬಡಿತ ಇಳಿಯಿತು. ಆದರೆ ಮಾತ್ರೆಗಳಿಗೆ ಜಗ್ಗಲಿಲ್ಲ, ಮತ್ತೆ ಮತ್ತೆ ಬಂತು. ಬೆಳಗಾವಿಗೆ ಕಳಿಸಿದರು. ಅಲ್ಲಿನ ಹೃದಯದ ಡಾಕ್ಟರು, ಹೃದಯದಲ್ಲಿ ಕರೆಂಟು ಹರಿಯಲು ಹುಟ್ಟಿನಿಂದಲೇ ಒಂದು ಹೆಚ್ಚಿನ ದಾರಿ ಇದೆ, ತೊಡೆಯ ರಕ್ತನಾಳದಿಂದ ಕ್ಯಾಥೆಟರ್ ಎಂಬ ತೆಳ್ಳನೆಯ ನಳಿಕೆ ಒಯ್ದು ಆ ಜಾಗವನ್ನು ಸುಡಬೇಕು ಎಂದರು. ಅದಕ್ಕೆ ಅಬ್ಲೇಶನ್ ಎನ್ನುತ್ತಾರಂತೆ; ಸಾಮಾನ್ಯವಾಗಿ ಎಕ್ಸ್‌ರೇಯಲ್ಲಿ ನೋಡುತ್ತ ಮಾಡುತ್ತಾರಂತೆ.

"ಎಕ್ಸ್‌ರೇದಿಂದ ಕೂಸಿಗೆ ಏನರ ಆದ್ರ?" ಎಂದು ಕೇಳಿದೆ.

"ಎಕ್ಸ್‌ರೇ ಹಚ್ಚೂದಿಲ್ರಿ. ಇನ್ನೊಂದು ಪೈಪಿನ ತುದಿಗೆ ಸಣ್ಣ ಅಲ್ಟ್ರಾಸೌಂಡ್ ಇರತೈತಿ. ಅದನ್ನ ಹೃದಯದೊಳಗ ಇಟ್ಟು ದಾರಿ ನೋಡ್ತೇವಿ. ಆದ್ರೂ ರಿಸ್ಕ್ ಇಲ್ಲಂತ ಹೇಳಾಕ ಬರೂದಿಲ್ಲ."

ಗಂಡನಿಗೆ ಫೋನು ಹಚ್ಚಿದೆ. ಸಿಗಲಿಲ್ಲ. ಒಪ್ಪಿದೆ.

ಕ್ಯಾಥ್ ಲ್ಯಾಬ್ ಎಂಬ ಆ ಚಿಕಿತ್ಸೆಯ ಕೋಣೆಯ ಬಾಗಿಲಿನವರೆಗೆ ಅತ್ತೆ ಬಂದರು. ಒಳಗೆ ವಿಪರೀತ ಥಂಡಿ. ತೊಡೆಯನ್ನಷ್ಟೇ ಮರಗಟ್ಟಿಸಿದ್ದರು, ನಾನು ಎಚ್ಚರವಿದ್ದೆ. ಪರದೆಯ ಮೇಲೆ ಬೂದು ಗೋಡೆಗಳು ಹಿಗ್ಗಿ ಕುಗ್ಗುತ್ತಿದ್ದವು. ನಡುವೆ ಬೆಳ್ಳಗಿನ ಚುಕ್ಕಿಯೊಂದು ಸರಿಯುತ್ತಿತ್ತು. ಅದು ನಳಿಕೆಯ ತುದಿ. ಸುತ್ತಲಿನದು ನನ್ನ ಹೃದಯ. ಎಲ್ಲರ ಕಣ್ಣೂ ಅಲ್ಲೇ ಇತ್ತು, ನನ್ನ ಮುಖ ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ. ಅವರ ತಪ್ಪಲ್ಲ. ಆದರೂ ಅಷ್ಟು ಜನರ ನಡುವೆ ಅಷ್ಟು ಒಂಟಿಯಾಗಿ ನಾನೆಂದೂ ಮಲಗಿರಲಿಲ್ಲ. ಹೊಟ್ಟೆಯೊಳಗಿನ ಜೀವಕ್ಕೆ ಮನಸ್ಸಿನಲ್ಲೇ ಹೇಳಿದೆ: ಅಲುಗಾಡಬ್ಯಾಡ, ನಾನೂ ಅಲುಗಾಡೂದಿಲ್ಲ.

ಸುಡಬೇಕಾದ ಜಾಗ ಹುಡುಕಲು ಬೇಕೆಂದೇ ಆ ಓಟವನ್ನು ಎಬ್ಬಿಸಿದರು. ಆಮೇಲೆ ಎದೆಯಲ್ಲಿ ಸಣ್ಣ ಉರಿ.

ಓಟ ನಿಂತಿತು.

ಮತ್ತೆ ಎಬ್ಬಿಸಲು ನೋಡಿದರು, ಏಳಲಿಲ್ಲ.

ಹೆರಿಗೆ ಡಾಕ್ಟರಮ್ಮ ಬಂದು ಹೊಟ್ಟೆಯ ಮೇಲೆ ಕೂಸಿನ ಎದೆಬಡಿತ ಕೇಳಿಸುವ ಯಂತ್ರವಿಟ್ಟರು. ದಡದಡ ಓಡುವ ಸದ್ದು. ನನ್ನ ರೋಗವೇ ಕೂಸಿಗೂ ಹೋಯಿತೆಂದು ಅತ್ತುಬಿಟ್ಟೆ.

"ಅಳಬ್ಯಾಡ್ರಿ. ಕೂಸಿನ ಎದಿ ಹಿಂಗ ಜೋರಾಗೇ ಬಡೀಬೇಕು," ಎಂದು ಅವರು ನನ್ನ ಕಣ್ಣು ಒರೆಸಿದರು.

ಈಗ ಮನೆಯಲ್ಲಿದ್ದೇನೆ. ಆ ಓಟ ಇನ್ನೆಂದೂ ಬರುವುದಿಲ್ಲವೆಂದು ಡಾಕ್ಟರು ಆಣೆ ಮಾಡಿ ಹೇಳಿಲ್ಲ. ಆದರೂ ಸುಮ್ಮನೆ ಕುಳಿತಾಗ ಎದೆ ಸುಮ್ಮನಿರುತ್ತದೆ. ಅದು ಅಷ್ಟು ದೊಡ್ಡ ಸುಖವೆಂದು ಮೊದಲು ಗೊತ್ತಿರಲಿಲ್ಲ.

ನಿನ್ನೆ ಗಂಡನ ಫೋನು ಬಂತು. ಎಲ್ಲ ಹೇಳಿದೆ.

"ಒಬ್ಬಾಕೀನ ಇದ್ದೆಲ್ಲ," ಎಂದ.

"ಹೂಂ," ಎಂದೆ. ಇಷ್ಟು ದಿನದಲ್ಲಿ ಆ ಮಾತು ಆಡಿದವನು ಅವನೊಬ್ಬನೇ. ಫೋನು ಕಡಿದುಹೋಯಿತು. ಹೊಟ್ಟೆ ಹಸಿದಿತ್ತು, ಊಟಕ್ಕೆ ಎದ್ದೆ.