ಆಂಟಿ ಮಾತಾಡಿದರೆ ಕೇಳಬೇಕು

ಉದ್ಯಾವರದ ನನ್ನ ಗಿಟಾರ್ ಮಾಸ್ಟ್ರು ಕಾವಲಿಯ ಮೇಲಿನ ನೀರುದೋಸೆಯನ್ನು ಎಡಗೈಯ ಬರಿ ಬೆರಳುಗಳಿಂದಲೇ ಎಬ್ಬಿಸುತ್ತಿದ್ದರು. ತಂತಿ ಒತ್ತಿ ಒತ್ತಿ ದಡ್ಡುಗಟ್ಟಿದ ಆ ಬೆರಳುಗಳಿಗೆ ಬಿಸಿ ಅಂದರೇನೆಂದೇ ಮರೆತುಹೋಗಿತ್ತು. "ಸಟ್ಟುಗ ಎಂತಕ್ಕೆ?" ಎಂದು ಅವರು ಜಂಬ ಕೊಚ್ಚಿದರೆ, ಅವರ ಹೆಂಡತಿ, ನಮಗೆಲ್ಲ ಆಂಟಿ, "ಅದೇ ಕೈಯಲ್ಲಿ ಒಂದು ದಿನ ಮೀನು ಕ್ಲೀನ್ ಮಾಡಿಕೊಡಿ ನೋಡುವಾ" ಅನ್ನುತ್ತಿದ್ದರು. ಮನೆಮಾತು ಕೊಂಕಣಿ. ನಾನಿದ್ದಾಗ ಮಾತ್ರ, ನನಗೂ ಅರ್ಥವಾಗಲೆಂಬ ಮರ್ಯಾದೆಗೆ, ಇಬ್ಬರೂ ಕನ್ನಡದಲ್ಲಿ ಜಗಳವಾಡುತ್ತಿದ್ದರು.

ಕ್ರೈಸ್ತರ ಮನೆಗಳಲ್ಲಿ ಮದುವೆಯ ಮುನ್ನಾದಿನ ತೆಂಗಿನ ಹಾಲು ಹಚ್ಚುವ ರೋಸ್ ನಡೆಯುತ್ತದಲ್ಲ, ಅದಕ್ಕೆ ನಾವಿಬ್ಬರೂ ಗಿಟಾರ್ ನುಡಿಸಲು ಹೋಗುತ್ತಿದ್ದೆವು. ಒಮ್ಮೆ ಕಾಪುವಿನಲ್ಲಿ ಮುಗಿಸಿ ಹೊರಡುವಾಗ ಯಜಮಾನರು ನನ್ನನ್ನು ಬದಿಗೆ ಕರೆದು, "ಮಾಸ್ಟ್ರದ್ದು ಸೌಂಡು ಜಾಸ್ತಿ ಮಾರಾಯ. ಸಣ್ಣ ಮಗಳ ರೋಸಿಗೆ ನೀನೊಬ್ಬನೇ ಬಾ" ಎಂದರು. ಗಿಟಾರ್ ಬಿಡಿಸಿದರೆ ಮಾಸ್ಟ್ರು ಉಳಿಯುವ ಜನವೇ ಅಲ್ಲ.

ತಪ್ಪೆಲ್ಲ ಗಿಟಾರಿನ ಸದ್ದು ಏರಿಸುವ ಆಂಪ್‌ನದು ಎಂದು ಮಾಸ್ಟ್ರಿಗೆ ಹೇಳಿದೆ. ನಾನೂ ಹಾಗೇ ನಂಬಿದ್ದೆ. ಸ್ವರ ತಿದ್ದುವ ಪ್ರೀಆಂಪ್ ನನ್ನ ಹತ್ತಿರ ಹೊಸದೇ ಇತ್ತು. ಆ ಸ್ವರವನ್ನು ಸ್ಪೀಕರಿಗೆ ದೂಡುವ ಪವರ್ ಆಂಪ್ ಮಾತ್ರ ಓಬೀರಾಯನ ಕಾಲದ್ದು. "ಹಳೇ ರೇಡಿಯೋದ ಹಾಗೆ ಗಾಜಿನ ವಾಲ್ವಿನದ್ದು ತೆಗೊಳ್ಳುವ," ಎಂದರು ಮಾಸ್ಟ್ರು.

ಎರಡು ಸಿಕ್ಕವು. ಕಾರ್ಕಳದ ಹಳೇ ಆರ್ಕೆಸ್ಟ್ರಾದವರ ಬಳಿ ನೂರು ವಾಟಿನದು, ಮಣಿಪಾಲದಲ್ಲಿ ಕೋರ್ಸ್ ಮುಗಿಸಿ ಹೊರಟಿದ್ದ ವಿದ್ಯಾರ್ಥಿನಿಯ ಬಳಿ ಇಪ್ಪತ್ತರದು. ನನ್ನ ಮನಸ್ಸೆಲ್ಲ ಕಾರ್ಕಳದಲ್ಲಿ. ಆದರೆ ಮಾಸ್ಟ್ರ ಪರೀಕ್ಷೆಯೇ ಬೇರೆ. ಎರಡೂ ಕಡೆಗೆ ನಮ್ಮ ಸ್ಪೀಕರ್ ಪೆಟ್ಟಿಗೆಯ ಜೊತೆ ಆಂಟಿಯನ್ನೂ ಒಯ್ದರು. "ನಾನು ನುಡಿಸುವಾಗ ನೀನು ಮಾತಾಡ್ತಾ ಇರು," ಎಂದರು ಆಂಟಿಗೆ. " ವಾಲ್ವನ್ನು ಜೋರು ದುಡಿಸಿದರೇ ಅದಕ್ಕೆ ಸ್ವರ. ಆದರೆ ಹೆಂಗಸರ ಮಾತು ಕೇಳದ ರೋಸು ರೋಸೇ ಅಲ್ಲ."

ಕಾರ್ಕಳದಲ್ಲಿ ಮಾಸ್ಟ್ರು ನುಡಿಸಿದರು, ಆಂಟಿ ಮಾತಾಡಿದರು.

"ನಾನು ಎಂತ ಹೇಳಿದೆ?"

"ಮೀನಿಗೆ ರೇಟು ಜಾಸ್ತಿ ಅಂತ."

"ನಿಮ್ಮ ತಂಗಿಯ ಬಗ್ಗೆ ಹೇಳಿದ್ದು."

ನೂರು ವಾಟ್ ಫೇಲ್ ಎಂದು ಮಾಸ್ಟ್ರು ಸಂತೋಷದಿಂದಲೇ ಘೋಷಿಸಿದರು.

ಮಣಿಪಾಲದಲ್ಲಿ ಸ್ವಿಚ್ ಹಾಕಿದೆವು. ವಾಲ್ವು ಬಿಸಿಯೇರುವವರೆಗೆ ಸದ್ದು ಬರುವುದಿಲ್ಲ, ಕೋಣೆ ನಿಶ್ಶಬ್ದ. ಆಂಟಿ ಆಗಲೇ ಶುರು ಮಾಡಿಬಿಟ್ಟರು: "ನಿಮ್ಮ ಹಳೇ ಗಿಟಾರನ್ನು ಗುಜರಿಯವನಿಗೆ ಕೊಟ್ಟೆ."

ತಲೆ ಬಗ್ಗಿಸಿ ತಂತಿ ಬಿಗಿಯುತ್ತಿದ್ದ ಮಾಸ್ಟ್ರು, "ಹಾಂ, ಒಳ್ಳೆದಾಯ್ತು" ಎಂದರು.

ನಾನು ಆಂಟಿಯ ಮುಖ ನೋಡಿದೆ. ಅವರು ನನ್ನನ್ನು ನೋಡಲಿಲ್ಲ. ಆಂಪ್‌ನದ್ದು ಯಾವ ತಪ್ಪೂ ಇರಲಿಲ್ಲ, ಮಾಸ್ಟ್ರಿಗೆ ಕಿವಿ ಕೇಳುತ್ತಿರಲಿಲ್ಲ. ಅಷ್ಟರಲ್ಲಿ ವಾಲ್ವು ಕೆಂಪಾಯಿತು. ಒಂದು ತಂತಿ ಮೀಟಿ, ಮಾಸ್ಟ್ರು ದೋಸೆ ಎಬ್ಬಿಸುವ ಬೆರಳುಗಳನ್ನು ಸ್ಪೀಕರ್ ಪೆಟ್ಟಿಗೆಯ ಮೇಲಿಟ್ಟರು. "ಇದು ಮಾತಾಡ್ತದೆ ಮಾರಾಯ. ಕಾರ್ಕಳದ್ದು ಬರೀ ಗುದ್ದು."

"ಇದೇ ಇರಲಿ ಮಾಸ್ಟ್ರೇ," ಎಂದೆ.

ಅಂದಿನಿಂದ ಅವರ ಸ್ಟೂಲು ಪೆಟ್ಟಿಗೆಗೆ ಮೊಣಕಾಲು ತಾಗುವಂತೆ, ವಾಲ್ಯೂಮಿನ ತಿರುಗಣೆ ನನ್ನ ಕೈಗೆ ಸಿಗುವಂತೆ. ಕಾಪುವಿನ ಸಣ್ಣ ಮಗಳ ರೋಸಿಗೆ ಹಟ ಹಿಡಿದು ಇಬ್ಬರೂ ಹೋದೆವು. ಯಜಮಾನರೇ ಬಂದು, "ಈ ಸಲ ಹದವಾಗಿ ಉಂಟು" ಎಂದರು. ಮಾಸ್ಟ್ರು ಅವರ ತುಟಿ ನೋಡಿಯೇ ಉಬ್ಬಿಹೋದರು. ದಾರಿಯುದ್ದಕ್ಕೂ ನನಗೆ ಒಂದೇ ಪಾಠ: "ಆಂಪ್ ಆರಿಸಲಿಕ್ಕೆ ಕಿವಿ ಬೇಕು, ಕಿವಿ."

ಕೊನೆಯವರೆಗೂ ನುಡಿಸುತ್ತಲೇ ಇದ್ದು ಕಳೆದ ವರ್ಷ ಹೋದರು. ಆಮೇಲೊಂದು ಬೆಳಿಗ್ಗೆ ಅವರ ಮನೆಯಲ್ಲೇ ಉಳಿದಿದ್ದ ಆಂಪ್ ತರಲು ಹೋದೆ. ಆಂಟಿ ಸಟ್ಟುಗದಲ್ಲಿ ದೋಸೆ ಎಬ್ಬಿಸುತ್ತಿದ್ದರು. ಒಲೆ ಆರಿಸಿ ಬಂದು ಪೆಟ್ಟಿಗೆಯ ಮುಂದಿನ ಮಾಸ್ಟ್ರ ಅದೇ ಸ್ಟೂಲಿನ ಮೇಲೆ ಕುಳಿತರು.

"ಒಯ್ಯುವ ಮೊದಲು ಸ್ವಲ್ಪ ಬಾರಿಸು."

ವಾಲ್ವು ಬಿಸಿಯಾಗುವವರೆಗೆ ಕಾದು ನುಡಿಸತೊಡಗಿದೆ. ಆಂಟಿ ಪೆಟ್ಟಿಗೆಯ ಮೇಲೆ ಕೈಯಿಟ್ಟು ಮಾತಾಡತೊಡಗಿದರು, ಕೊಂಕಣಿಯಲ್ಲಿ, ನನ್ನೊಡನೆ ಅಲ್ಲ.

ನಾನು ವಾಲ್ಯೂಮ್ ಸ್ವಲ್ಪ ಏರಿಸಿದೆ.