ಎಲೆ ಮುಚ್ಚುತ್ತಿದ್ದ ಕೈ

ಸಿಂದಗಿ ಬಸ್ ನಿಲ್ದಾಣಕ್ಕೆ ಬೆಳಕು ಇಳಿಯುವಷ್ಟರಲ್ಲಿ ಹಾಜಿಮಲಂಗ ಒದ್ದೆ ಗೋಣಿತಟ್ಟು ಬಿಡಿಸಿ ವೀಳ್ಯದೆಲೆ ಆರಿಸಲು ಕುಳಿತಿರುತ್ತಾರೆ. ಕೊಳೆತದ್ದು ಒಂದು ಕಡೆ, ಒಳ್ಳೆಯದು ಇನ್ನೊಂದು ಕಡೆ. ಬೆರಳು ಎಷ್ಟೇ ಓಡಲಿ, ಒಂದು ಎಲೆಯೂ ಬುಟ್ಟಿಯ ಅಂಚಿಗಿಂತ ಮೇಲೆ ಏಳುವುದಿಲ್ಲ.

ಆ ಕೈ ಹಾಗೆ ಪಳಗಿದ್ದು ಗೋವಾದ ಕ್ಯಾಸಿನೊದಲ್ಲಿ. ಕೆಲಸ ಹುಡುಕಿ ತಮ್ಮ ಊರಾದ ಮಸೂತಿಯಿಂದ ಹೋದ ಅವರು ಅಲ್ಲಿ ವರ್ಷಗಟ್ಟಲೆ ಮೂರೆಲೆ ಪೋಕರ್ ಮೇಜಿನಲ್ಲಿ ಇಸ್ಪೀಟ್ ಎಲೆ ಹಂಚಿದರು. ಆಟಗಾರನಿಗೆ ಮೂರು, ಕ್ಯಾಸಿನೊ ಪರವಾಗಿ ತಮಗೆ ಮೂರು. ತಮ್ಮ ಎಲೆ ಯಾರ ಕಣ್ಣಿಗೂ ಬೀಳದಂತೆ ಕೈ ತಗ್ಗಿಸುವುದೇ ನೌಕರಿ. ರಾತ್ರಿಪಾಳಿಗೆ ಕಣ್ಣು ಸೋತ ಮೇಲೆ ಇತ್ತ ಬಂದು ಈ ಬುಟ್ಟಿ ಹಿಡಿದರು.

ಇವತ್ತು ಟ್ರ್ಯಾಕ್ಟರ್ ಓಡಿಸುವ ಪರಶು ಹೊಸ ಅಂಗಿ ತೊಟ್ಟು ಎದುರು ನಿಂತಿದ್ದಾನೆ.

"ಎಲ್ಲಿಗ್ಯಪಾ, ಮದಿಮಗಾ?"

"ಗೋವಾಕ್ಕ, ಚಾಚಾ. ನಿಮ್ಮ ಮೂರೆಲಿ ಆಟಕ್ಕ. ನಾಲ್ಕ ಮಂದಿ ದೋಸ್ತರು ಒಂದ ಟೇಬಲ್‌ಗೆ ಕುಂಡ್ರತೇವಿ. ಒಬ್ಬರ ಎಲಿ ಒಬ್ಬರಿಗೆ ಸನ್ನಿ ಮಾಡಿ ಹೇಳೂದು. ಸೋಲೂ ಮಾತ ಇಲ್ಲ."

ಅವನ ಜೇಬಿನಲ್ಲಿ ಕರವಸ್ತ್ರದ ಗಂಟು ಉಬ್ಬಿದೆ. ಸಡಿಲಾದ ಬಾಯಿಂದ ಇಣುಕುತ್ತಿರುವುದು ಹೆಂಡತಿ ಸುನೀತಾಳ ಬಂಗಾರದ ಪಾಟ್ಲಿ ಬಳೆ. ಅವಳಿಗೆ ಗೊತ್ತಿಲ್ಲವೆಂದು ಅವನ ಮುಖವೇ ಹೇಳುತ್ತಿದೆ.

ಹಾಜಿಮಲಂಗ ಬೈಯುವುದಿಲ್ಲ. ಹಲಗೆಯ ಮೇಲೆ ವೀಳ್ಯದೆಲೆಗಳನ್ನು ಮೂರು ಮೂರಾಗಿ ಬೋರಲು ಹಾಕುತ್ತಾರೆ.

"ಇವು ಇಸ್ಪೀಟ ಅಂತ ತಿಳಕೋ. ನಿಮ್ಮ ನಾಲ್ಕೂ ಮಂದೀವು ತಿರುವಿ ನೋಡಿದಿ. ಇವು ಹಂಚೂ ಡೀಲರ್ ಕಡೆ ಇಲ್ಲ ಅಂತ ತಿಳೀತು. ಅವನ ಕಡೆ ಏನೈತಿ?"

ಪರಶು ಬುಟ್ಟಿಯಲ್ಲಿ ಉಳಿದ ಎಲೆಗಳತ್ತ ನೋಡುತ್ತಾನೆ.

"ಉಳಿದ ಅಷ್ಟೂ ಎಲಿಯೊಳಗ ಅವನ ಮೂರು ಅಡಗ್ಯಾವು. ನಿಮ್ಮ ಸನ್ನಿಯಿಂದ ಕೂದಲೆಳಿಯಷ್ಟ ಉಪಯೋಗ ಐತಿ, ಸುಳ್ಳ ಹೇಳಂಗಿಲ್ಲ. ಆದ್ರೂ ಕ್ಯಾಸಿನೊದ ಕೈನ ಮ್ಯಾಲ. ಡೀಲರ್‌ದು ಒಂದ ಎಲಿ ಕಂಡ್ರ ನೋಡು, ಆಟನ ಉಲ್ಟಾ. ಸಣ್ಣ ಎಲಿ ಇದ್ರ ಧೈರ್ಯಲೇ ಆಡ್ತಿ, ರಾಜಾ ಇದ್ರ ಬಿಟ್ಟ ಉಳಕೋತಿ."

"ಹಂಗಾರ ಅದನ್ನ ನೋಡ್ತೇನಿ ತಗೋರಿ!"

"ಅದನ್ನ ತೋರಸಬಾರ್ದಂತನ ನಂಗ ಪಗಾರ ಕೊಟ್ರಲ್ಲೋ, ಹುಚ್ಚಾ!"

ಒಮ್ಮೆ ಮಾತ್ರ ಅವರ ಎಲೆ ಕಂಡಿತ್ತು. ಹೊಸ ಸ್ಟೀಲ್ ಗಡಿಯಾರ ಕಟ್ಟಿ ಹಂಚುವಾಗ ಅದರ ಹೊಳಪಿನಲ್ಲಿ ಎಲೆಯ ಮುಖ ಮಿಂಚುತ್ತಿತ್ತು, ಅವರಿಗೇ ತಿಳಿಯದೆ. ನೋಡಿದವರು ಬಗ್ಗಿ ನೆಲ ಒರೆಸುತ್ತಿದ್ದ ಆಲಮೇಲದ ಖಾತುನಬಿ. ಆಟಗಾರರಿಗೆ ಹೇಳಿದ್ದರೆ ಇನಾಮು ಸಿಗುತ್ತಿತ್ತು. ಅವರು ಬಕೆಟ್ ಹಿಡಿದು ಹಾದುಹೋಗುತ್ತ, "ಬೇಟಾ, ಗಡಿಯಾರ ತಗಿ. ಎಲಿ ಕಾಣಾಕತ್ತಾವ" ಎಂದಷ್ಟೇ ಪಿಸುಗುಟ್ಟಿದರು.

"ಖಾತುನಬಿ ಖಾಲಾ ಸುಮ್ಮನಿದ್ದಿದ್ರ ನೌಕರಿ ಹೋಗ್ತಿತ್ತು, ಕಳ್ಳ ಅಂತ ಹೆಸರೂ ಬರ್ತಿತ್ತು. ಕಂಡದ್ದ ಹೇಳೂದನ್ನ ಅಕಿಯಿಂದ ಕಲತೇನಿ, ಪರಶು. ಅದಕ್ಕ ಹೇಳಾಕತ್ತೇನಿ."

ಖಾತುನಬಿ ಈಗ ತಮ್ಮ ಊರಲ್ಲೇ ಇದ್ದಾರೆ. ಪ್ರತಿ ವಾರ ಹಾಜಿಮಲಂಗರ ಬುಟ್ಟಿಯಿಂದ ಅವರಿಗೆಂದು ಎಳೆಯ ಎಲೆಯ ಕಟ್ಟೊಂದು ಆಲಮೇಲದ ಬಸ್ಸು ಹತ್ತುತ್ತದೆ.

ಗೋವಾದ ದಾರಿ ಹಿಡಿಯುವವರು ಹತ್ತುವ ವಿಜಯಪುರದ ಬಸ್ಸು ಗುರುಗುಟ್ಟುತ್ತದೆ. ಕಂಡಕ್ಟರ್ ಮಲ್ಲಣ್ಣ ಬಾಗಿಲಲ್ಲಿ ಜೋತುಬಿದ್ದು ಕೂಗುತ್ತಾನೆ: "ಏ ಹೊಸ ಅಂಗೀ, ಹತ್ತತೀಯೋ, ಇಲ್ಲೇ ಎಲಿ ಮಾರ್ತೀಯೋ?"

ಪರಶು ಜೇಬು ಮುಟ್ಟಿ ನೋಡಿಕೊಳ್ಳುತ್ತಾನೆ. "ನೀ ನಡಿಯಪಾ, ಅಣ್ಣಾ." ಬಸ್ಸು ಹೋದ ಮೇಲೆ ಖಾತುನಬಿಗೆಂದು ಕಟ್ಟಿಟ್ಟ ಎಲೆಗಳತ್ತ ಕೈ ಚಾಚುತ್ತಾನೆ. "ಇವತ್ತ ಆಲಮೇಲಕ್ಕ ನಾನ ಒಯ್ಯಲೇನ್ರಿ, ಚಾಚಾ?"

"ಒಯ್ಯುವಂತಿ. ಮೊದಲ ಪಾಟ್ಲಿ ಇದ್ದಲ್ಲೇ ಇಟ್ಟ ಬಾ. ಸುನೀತಾ ಏಳೂ ಹೊತ್ತಾತು."

ಹಾಜಿಮಲಂಗ ಹಲಗೆಯ ಮೇಲೆ ಬೋರಲಿದ್ದ ಎಲೆಗಳನ್ನು ಮುಖ ಮೇಲೆ ಮಾಡಿ ನೀರು ಚಿಮುಕಿಸುತ್ತಾರೆ. "ಎಲಿ ಮುಚ್ಚಿ ಭಾಳ ವರ್ಷ ರೊಟ್ಟಿ ತಿಂದೇನಪಾ," ಎನ್ನುತ್ತಾರೆ. "ಈಗ ತೆರದ ತೋರಿಸಿ ತಿನ್ನಾಕತ್ತೇನಿ."